ತಾಡಪತ್ರಿಯ ಸೌರಶಕ್ತಿ

ಮಾಟುಂಗದ ಕನ್ನಡ ಸಂಘದಲ್ಲಿ ಹೋದ ತಿಂಗಳು ಇಬ್ಬರು ಹುಡುಗಿಯರು ನನ್ನನ್ನು ಹಿಡಿದು ಕೂರಿಸಿಕೊಂಡರು. ಇಬ್ಬರಿಗೂ ಪರಿಸರ, ಇಂಧನ ಅಂತ ಏನೋ ಒಂದು ಹೆಸರಿನ ಕಂಪನಿಯಲ್ಲಿ ಹೊಸದಾಗಿ ಕೆಲಸ ಸಿಕ್ಕಿದೆ. ಒಬ್ಬಳು ಕನ್ನಡದಲ್ಲಿ ತಡವರಿಸುತ್ತ, "ಆಂಟಿ, ನೀವು ಎಕ್ಸಾಕ್ಟ್ಲಿ ಏನ್ ಕೆಲಸ ಮಾಡ್ತಿದ್ರಿ? ಮತ್ಲಬ್, ಡೇಲಿ?" ಎಂದು ಕೇಳಿದಳು. ಕೈಯಲ್ಲಿದ್ದ ಗೋಳಿಬಜೆ ತಣ್ಣಗಾಗುವ ತನಕ ಯೋಚಿಸಿದೆ. ಬರೆದು ಕೊಡುತ್ತೇನೆ ಎಂದು ಹೇಳಿ ತಪ್ಪಿಸಿಕೊಂಡು ಬಂದೆ.

ಈಗ ಬರೆಯಲು ಕೂತರೂ ಅದೇ ಪಾಡು. ನನ್ನ ಕೆಲಸ ಏನು ಅಂತ ನಮ್ಮಮ್ಮನಿಗೂ ಕೊನೆಯವರೆಗೆ ಅರ್ಥವಾಗಲಿಲ್ಲ. ಮೈಸೂರಿನಲ್ಲಿ ಎಲ್ಲರಿಗೂ "ನಮ್ಮ ನಾಗರತ್ನ ಬಾಂಬೆಲಿ ಕರೆಂಟ್ ಆಫೀಸಲ್ಲಿದಾಳೆ" ಎಂದು ಹೇಳಿಬಿಟ್ಟಿದ್ದರು. ರಜೆಗೆ ಹೋದಾಗಲೆಲ್ಲ ಪಕ್ಕದ ಮನೆಯವರು ಬಿಲ್ಲು ಹಿಡಿದು ಬರುತ್ತಿದ್ದರು. ನಮ್ಮದು ಸರಕಾರವೂ ಅಲ್ಲದ, ಕಂಪನಿಯೂ ಅಲ್ಲದ, ಎರಡರ ನಡುವೆ ಜೋತುಬಿದ್ದಿದ್ದ ಒಂದು ಸಂಸ್ಥೆ. ಆಫೀಸು ವಿಕ್ರೋಳಿಯಲ್ಲಿ. ಊರಿನ ಗಾಳಿ ಕೆಡದ ಹಾಗೆ ಯಾವ ಇಂಧನ ಉರಿಸಬೇಕು, ಯಾವುದು ಬೇಡ ಎಂದು ಸರಕಾರಕ್ಕೆ ಸಲಹೆ ಕೊಡುವುದು ನಮ್ಮ ಕೆಲಸ. ಬಡ್ತಿಯ ವಿಚಾರ ಬಿಡಿ. ಬರುವ ಹೊತ್ತಿಗೆ ಬಂತು, ಬರಬಾರದವರಿಗೂ ಬಂತು.

ನಾನು ಸೇರಿದ ಕಾಲದಲ್ಲಿ ಹೊಗೆಯನ್ನು ಕಣ್ಣಲ್ಲೇ ಅಳೆಯುತ್ತಿದ್ದೆವು. ನಗಬೇಡಿ. ಕೈಯಲ್ಲೊಂದು ರಟ್ಟಿನ ಕಾರ್ಡು, ಅದರ ಮೇಲೆ ತಿಳಿ ಬೂದಿಯಿಂದ ಕಡುಗಪ್ಪಿನವರೆಗೆ ಚೌಕಗಳು. ಭಾಂಡುಪ್‌ನ ರಸ್ತೆಯಲ್ಲಿ ನಿಂತು, ಕಾರ್ಡನ್ನು ಮುಖದ ಮುಂದೆ ಹಿಡಿದು, ಎದುರಿನ ಕಾರ್ಖಾನೆಯ ಚಿಮಣಿಯ ಹೊಗೆ ಯಾವ ಚೌಕಕ್ಕೆ ಹೊಂದುತ್ತದೆ ಎಂದು ಗುರುತು ಹಾಕಿಕೊಳ್ಳಬೇಕು. ಸೀರೆಗೆ ರವಿಕೆ ಬಟ್ಟೆ ಹೊಂದಿಸುವವಳ ಹಾಗೆ ನಾನು ಬಿಸಿಲಲ್ಲಿ ನಿಂತಿರುತ್ತಿದ್ದೆ, ರಿಕ್ಷಾದವರು ಹಾರ್ನ್ ಹೊಡೆದು ಹೋಗುತ್ತಿದ್ದರು. ಒಂದು ಚಿಮಣಿಯ ಹಿಂದಂತೂ ವರ್ಷಗಟ್ಟಲೆ ಬಿದ್ದಿದ್ದೆ. ಎಷ್ಟು ನೋಟಿಸು ಕಳಿಸಿದರೂ ಅದರ ಹೊಗೆ ಕಪ್ಪು ಚೌಕ ಬಿಟ್ಟು ಈಚೆಗೆ ಬರಲೊಲ್ಲದು. ಒಂದು ದಿನ ಹೋಗಿ ನೋಡುತ್ತೇನೆ, ಹೊಗೆಯೇ ಇಲ್ಲ. ಆಫೀಸಿನಲ್ಲಿ ಎಲ್ಲರೂ ಶಹಬ್ಬಾಸ್ ಎಂದರು. ಆಮೇಲೆ ಗೊತ್ತಾಯಿತು, ಕಾರ್ಖಾನೆಯೇ ಮುಚ್ಚಿತ್ತು. ಜಾಗವನ್ನು ಫ್ಲ್ಯಾಟ್ ಕಟ್ಟುವವರು ಕೊಂಡಿದ್ದರು, ಗೇಟಿನ ಮುಂದೆ ಕೆಲಸ ಹೋದವರು ಚಾಪೆ ಹಾಸಿ ಕೂತಿದ್ದರು. ಖುಷಿಪಡಬೇಕೋ ಬೇಡವೋ ತಿಳಿಯದೆ ಕಾರ್ಡನ್ನು ಬ್ಯಾಗಿಗೆ ತುರುಕಿಕೊಂಡು ಲೋಕಲ್ ಹತ್ತಿದೆ.

ಬಲ್ಬುಗಳ ಕಥೆಯೂ ಅಷ್ಟೆ. ಹಳದಿ ಬಲ್ಬು ತೆಗೆಯಿರಿ, ಸುರುಳಿ ಬಲ್ಬು ಹಾಕಿ, ಭೂಮಿ ಉಳಿಯುತ್ತದೆ ಎಂದು ಮಾಟುಂಗದ ಬಿಲ್ಡಿಂಗುಗಳ ಮೆಟ್ಟಿಲು ಹತ್ತಿ ಇಳಿದು ನನ್ನ ಮಂಡಿ ಸವೆಯಿತು. ಕೆಲವು ವರ್ಷ ಕಳೆಯುವುದರೊಳಗೆ ಸುರುಳಿ ಬಲ್ಬಿನಲ್ಲಿ ಪಾದರಸ ಇದೆ, ಒಡೆದರೆ ಅಪಾಯ, ಜೋಪಾನವಾಗಿ ವಾಪಸು ತನ್ನಿ ಎಂಬ ಆಜ್ಞೆ ಬಂತು. ಮತ್ತೆ ಅದೇ ಮೆಟ್ಟಿಲು, ಅದೇ ಬಾಗಿಲು. ಒಬ್ಬರು ಅಜ್ಜಿ, "ನೀನೇ ಕೊಡ್ತೀಯ, ನೀನೇ ಕಿತ್ಕೊಳ್ತೀಯ, ನಿನಗೇನು ಬೇರೆ ಕೆಲಸ ಇಲ್ವೇನಮ್ಮ" ಎಂದು ಬಾಗಿಲು ಹಾಕಿಕೊಂಡರು. ಆದರೂ ಆ ದಿನಗಳಲ್ಲಿ ನನಗೊಂದು ಧೈರ್ಯವಿತ್ತು. ಯಾರು ಏನು ಕೇಳಿದರೂ ಪಟಪಟನೆ ಉತ್ತರ ಹೇಳುತ್ತಿದ್ದೆ. ಒಳಗೊಳಗೇ ತಲೆಬುಡ ತಿಳಿಯದಿದ್ದರೂ ಬಾಯಿ ಮಾತ್ರ ನಿಲ್ಲುತ್ತಿರಲಿಲ್ಲ. ಈ ಕೆಲಸಕ್ಕೆ ಬಂದವರು ಮೊದಲು ಕಲಿಯುವುದೇ ಅದು.

ಇನ್ನು ಶಾಂತವ್ವನ ವಿಚಾರಕ್ಕೆ ಬರುತ್ತೇನೆ. ಇಷ್ಟು ಹೊತ್ತು ಆಚೀಚೆ ಸುತ್ತಾಡಿದ್ದೂ ಅದನ್ನು ಬರೆಯಲು ಹಿಂಜರಿದೇ.

ಭಾಂಡುಪ್‌ನಲ್ಲಿ ಗುಡ್ಡದ ಇಳಿಜಾರಿಗೆ ಅಂಟಿಕೊಂಡ ಒಂದು ಗಲ್ಲಿ. ಸಿಂದಗಿ ಕಡೆಯಿಂದ ಬಂದ ಶಾಂತವ್ವ ಅಲ್ಲಿ ಖಾನಾವಳಿ ನಡೆಸುತ್ತಾರೆ. ಬಿಲ್ಡಿಂಗ್ ಕೆಲಸಕ್ಕೆ ಬಂದ ನಮ್ಮ ಉತ್ತರ ಕರ್ನಾಟಕದ ಮಂದಿಗೆ ಎರಡು ಹೊತ್ತು ಜೋಳದ ರೊಟ್ಟಿ, ಪಲ್ಯ, ಶೇಂಗಾ ಹಿಂಡಿ. ಗಂಡ ತೀರಿಕೊಂಡಿದ್ದಾರೆ, ಮಗ ಸೈಟಿನ ಕೆಲಸ ಸಿಕ್ಕಲ್ಲಿಗೆ ತಿರುಗುತ್ತಾನೆ. ಒಲೆಯ ಮುಂದೆ ಕೂರುವವರು ಅತ್ತೆ ಸೊಸೆ ಇಬ್ಬರೇ. ಊಟಕ್ಕೆ ಬರುವವರು ಸೈಟಿನಿಂದ ಸೆಂಟ್ರಿಂಗ್‌ನ ಹಲಗೆ ತುಂಡು, ಪ್ಲೈವುಡ್ ಚೂರು ಹೆಗಲ ಮೇಲೆ ಹೊತ್ತು ತಂದು ಒಲೆಯ ಪಕ್ಕ ಒಟ್ಟಿ ಕೈ ತೊಳೆಯುತ್ತಾರೆ. ಅದು ಅಲ್ಲಿಯ ರಿವಾಜು. ಆ ಪ್ಲೈವುಡ್‌ನ ಅಂಟು, ಬಣ್ಣ ಉರಿದು ಬರುವ ಹೊಗೆ ಕೆಟ್ಟದ್ದು. ನಾನು ಮೊದಲ ಸಲ ಹೋದಾಗಲೇ ಸೊಸೆ ರೇಣುಕಾ ಕೆಮ್ಮುತ್ತಿದ್ದಳು. ಆಸ್ಪತ್ರೆಯವರು ಹೊಗೆಯಿಂದ ದೂರ ಇರು ಎಂದಿದ್ದರಂತೆ. ದೂರ ಇದ್ದರೆ ರೊಟ್ಟಿ ಯಾರು ಬಡಿಯಬೇಕು?

ಕಟ್ಟಿಗೆ ಉರಿಸುವ ಅಡುಗೆಮನೆಗಳನ್ನು ಕರೆಂಟಿಗೆ ಬದಲಾಯಿಸುವ ಯೋಜನೆಯೊಂದು ಆಗ ನಮ್ಮ ಆಫೀಸಿಗೆ ಬಂದಿತ್ತು. ಸೂರಿನ ಮೇಲೆ ಸೋಲಾರ್ ಪ್ಯಾನಲ್, ಗಲ್ಲಿಗೆ ಗಟ್ಟಿ ಕರೆಂಟ್ ಲೈನು, ಕೆಳಗೆ ಕರೆಂಟ್ ಒಲೆ. ತೋರಿಸಲೆಂದು ನಾನೇ ಒಂದು ಒಲೆ ಹೊತ್ತುಕೊಂಡು ಹೋದೆ. ಶಾಂತವ್ವನ ಹಂಚಿನ ತಳ ಗುಂಡಗೆ, ಆ ಒಲೆ ಚಪ್ಪಟೆ. ರೊಟ್ಟಿ ನಡುವೆ ಹಸಿಹಸಿ, ಅಂಚಿನಲ್ಲಿ ತೊಗಲು. ಊಟಕ್ಕೆ ಕೂತವರು ಇದನ್ನು ಚಪ್ಪಲಿಗೆ ಅಟ್ಟೆ ಹಾಕಿಸಬಹುದು ಎಂದು ನಕ್ಕರು. ಅಷ್ಟರಲ್ಲಿ ಇಡೀ ಗಲ್ಲಿಯ ಕರೆಂಟು ಹೋಯಿತು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಶಾಂತವ್ವ ಮಾತ್ರ ನಗಲಿಲ್ಲ.

"ರೊಟ್ಟಿ ಹ್ಯಾಂಗರ ಮಾಡಿ ಕಲೀತೀನ್ರಿ ಅಕ್ಕಾರ," ಎಂದರು. "ನನ್ನ ಸೊಸಿ ಕೆಮ್ಮು ನಿಂತ್ರ ಸಾಕು. ಲೈನು ಯಾವಾಗ ಬರ್ತದ ಹೇಳ್ರಿ."

ಮಳೆಗಾಲ ಕಳೆಯಲಿ, ಬರುತ್ತದೆ ಎಂದೆ. ಗಲ್ಲಿಯ ಹೆಸರನ್ನು ಯೋಜನೆಗೆ ಸೇರಿಸಿಯೂ ಬಂದೆ. ಮುಂದಿನ ಸಲ ಹೋಗುವಷ್ಟರಲ್ಲಿ ಶಾಂತವ್ವ ಚಪ್ಪಟೆ ತವೆ ಕೊಂಡು ತಂದಿದ್ದರು, ಅದರ ಮೇಲೆ ರೊಟ್ಟಿ ಪಳಗಿಸುತ್ತಿದ್ದರು.

ನಮ್ಮ ಮುಖ್ಯಸ್ಥರು ಕರಂದೀಕರ್ ಸಾಹೇಬರು. ಒಳ್ಳೆಯ ಮನುಷ್ಯ, ಯಾರ ಮೇಲೂ ದನಿ ಏರಿಸಿದವರಲ್ಲ, ಟಿಫಿನ್ ಡಬ್ಬಿಯ ಥಾಲೀಪೀಠದಲ್ಲಿ ನನಗೆ ದಿನವೂ ಒಂದು ತುಂಡು. ದಿಲ್ಲಿಯಿಂದ ಫೋನು ಬಂದರೆ ಮಾತ್ರ ಕುರ್ಚಿಯಿಂದ ಎದ್ದು ನಿಂತು ಮಾತಾಡುತ್ತಿದ್ದರು. ಆ ವರ್ಷ ಅವರು ಹೊಸ ವಿಧಾನ ತಂದರು. ಇನ್ನು ಮೇಲೆ ಗಲ್ಲಿ ಗಲ್ಲಿ ಅಲೆಯುವುದು ಬೇಡ, ಆಕಾಶದಿಂದ ತೆಗೆದ ಚಿತ್ರ ಸಾಕು. ಸೂರಿನ ಮೇಲೆ ನೀಲಿ ಚೌಕ ಕಂಡರೆ ಅದು ಸೋಲಾರ್ ಎಂದು ಕಂಪ್ಯೂಟರು ತಾನೇ ಗುರುತಿಸುತ್ತದೆ. ಸೋಲಾರ್ ಇರುವ ಗಲ್ಲಿಗೆ ನಕ್ಷೆಯಲ್ಲಿ ಹಸಿರು, ಇಲ್ಲದ ಗಲ್ಲಿಗೆ ಕೆಂಪು. ಹಸಿರು ಗಲ್ಲಿಗೆ ಯೋಜನೆಯೂ ಬೇಡ, ಕಟ್ಟಿಗೆ ಒಲೆ ಆರಿಸಲು ಬರುವ ಇನ್‌ಸ್ಪೆಕ್ಟರೂ ಬೇಡ. ಕೆಂಪು ಗಲ್ಲಿಗೆ ಎರಡೂ ಹೋಗುತ್ತವೆ. ನನಗೂ ಚೆನ್ನಾಗಿಯೇ ಇದೆ ಅನ್ನಿಸಿತು. ಮಂಡಿ ನೋವಿನವಳಿಗೆ ಇನ್ನೇನು ಬೇಕು?

ಚಿತ್ರ ತೆಗೆದದ್ದು ಮಳೆ ನಿಂತ ಕೂಡಲೇ, ಆಕಾಶ ತೊಳೆದಿಟ್ಟ ಹಾಗೆ ಇದ್ದಾಗ. ನಕ್ಷೆ ಬಂತು. ಭಾಂಡುಪ್‌ನ ಗುಡ್ಡಕ್ಕೆ ಗುಡ್ಡವೇ ಹಸಿರು. ಅದರಲ್ಲೂ ಶಾಂತವ್ವನ ಗಲ್ಲಿ ಎಲ್ಲಕ್ಕಿಂತ ಹಸಿರು. ದೊಡ್ಡ ಸೊಸೈಟಿಯವರು ಹಾಕಿಸಿಕೊಳ್ಳದ ಸೋಲಾರನ್ನು ಬಡವರು ಹಾಕಿಸಿಕೊಂಡಿದ್ದಾರೆ ಎಂದು ಕರಂದೀಕರ್ ಸಾಹೇಬರ ಕಣ್ಣಲ್ಲಿ ನೀರೇ ಬಂತು. ನನಗೆ ದಿಕ್ಕು ತಪ್ಪಿದಂತಾಯಿತು. ಎರಡು ತಿಂಗಳ ಹಿಂದೆ ಅಲ್ಲಿ ಕೂತು ರೊಟ್ಟಿ ತಿಂದು ಬಂದಿದ್ದೇನೆ, ಒಂದು ಪ್ಯಾನಲ್ ಕಂಡಿಲ್ಲ. ಬೇರೆ ಯಾರಾದರೂ ಬಂದು ಹಾಕಿಕೊಟ್ಟರೇ? ನಾನೇ ಬೇರೆ ಗಲ್ಲಿಗೆ ಹೋಗಿದ್ದೆನೇ? ಇಷ್ಟು ದೊಡ್ಡ ಯಂತ್ರಕ್ಕಿಂತ ನನ್ನ ಕಣ್ಣು ಹೆಚ್ಚೇ ಎಂದು ನನ್ನ ಮೇಲೆಯೇ ಅನುಮಾನ ಹುಟ್ಟಿತು.

ಮಾರನೆಯ ದಿನ ಗುಡ್ಡ ಹತ್ತಿದೆ. ಮೇಲಿನ ತಿರುವಿನಲ್ಲಿ ನಿಂತು ಕೆಳಗೆ ನೋಡಿದರೆ ಸೂರಿನ ಮೇಲೆಲ್ಲ ನೀಲಿ, ಸಾಲುಸಾಲು ನೀಲಿ. ಮುಂಬಯಿಯಲ್ಲಿ ಮಳೆಗೆ ಮುಂಚೆ ಬಡವರೆಲ್ಲ ಸೂರಿಗೆ ಹೊದಿಸುವ ಪ್ಲಾಸ್ಟಿಕ್ ತಾಡಪತ್ರಿ. ಮೂಲೆಗೆ ಇಟ್ಟಿಗೆ ಹೇರಿ, ಹಳೇ ಟೈರು ಹೇರಿ ಬಿಗಿದದ್ದು. ದೀಪಾವಳಿ ಕಳೆದ ಮೇಲೆ ಮಡಚಿ ಮಂಚದಡಿ ಇಡುತ್ತಾರೆ. ನಾವು ಸೋಲಾರ್ ಎಂದು ಎಣಿಸಿದ್ದು ಅದನ್ನು. ನನಗೆ ಅಲ್ಲೇ ನಗು ಬಂತು, ಹಿಂದೆಯೇ ಅಳು ಬಂತು.

ಆಫೀಸಿಗೆ ಓಡಿ ಬಂದು ಸಾಹೇಬರಿಗೆ ಹೇಳಿದೆ. ಅವರು ಚಿತ್ರವನ್ನು ದೊಡ್ಡದು ಮಾಡಿ ಮಾಡಿ ನೋಡಿದರು. ನಕ್ಷೆ ಆಗಲೇ ದಿಲ್ಲಿಗೆ ಹೋಗಿತ್ತು, ಅಲ್ಲಿ ಹೊಗಳಿದ್ದೂ ಆಗಿತ್ತು. ಕೊನೆಗೆ ಹಿಂದಿಯಲ್ಲಿ ಮೆಲ್ಲಗೆ ಕೇಳಿದರು, "ನಾಗರತ್ನಾಜಿ, ಈ ಗಲ್ಲಿ ತಪ್ಪಾದರೆ ಉಳಿದವುಗಳಲ್ಲಿ ಎಷ್ಟು ಸರಿ?" ನನಗೂ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ಇನ್ನೊಮ್ಮೆ ಚಿತ್ರ ತೆಗೆಸೋಣ, ಆಗ ನೀಲಿ ಇರುವುದಿಲ್ಲ, ತಪ್ಪು ತಾನೇ ಸರಿಹೋಗುತ್ತದೆ ಎಂದು ಅವರು ದಾರಿ ಹುಡುಕಿದರು. ನನಗೂ ಅದೇ ಸರಿ ಕಂಡಿತು.

ಶಾಂತವ್ವನಿಗೆ ಹೇಳಬೇಕಲ್ಲ, ಹೋದೆ. ಗಲ್ಲಿಯ ಹೆಸರು ಯೋಜನೆಯಿಂದ ಬಿದ್ದುಹೋದ ಸುದ್ದಿ ಅವರಿಗೆ ಆಗಲೇ ತಲುಪಿತ್ತು. "ನಮ್ಮ ಮ್ಯಾಲ ಸೋಲಾರ್ ಐತಿ ಅಂತ ಬರದೀರಂತಲ್ರಿ ಅಕ್ಕಾರ. ಎಲ್ಲೈತಿ, ನಮಗೂ ಒಂದೀಟು ತೋರಸ್ರಿ," ಎಂದರು. ಬೇಸಿಗೆಯ ತನಕ ತಡೆಯಿರಿ, ಎಲ್ಲ ಸರಿಹೋಗುತ್ತದೆ ಎಂದು ಅದೇ ಹಳೇ ಗಟ್ಟಿ ದನಿಯಲ್ಲಿ ಹೇಳಿ ಬಂದೆ. ರೇಣುಕಾ ಒಳಗೆ ಕೆಮ್ಮುತ್ತಲೇ ಇದ್ದಳು.

ಬೇಸಿಗೆಯ ಚಿತ್ರ ಬಂತು. ನೀಲಿ ಇರಲಿಲ್ಲ, ನಿಜ. ಆದರೆ ಕಂಪ್ಯೂಟರಿಗೆ ಹೋದ ಸಲದ್ದು ನೆನಪಿತ್ತು. ಇದ್ದ ಪ್ಯಾನಲ್ ಈಗ ಇಲ್ಲ, ಹಾಗಾದರೆ ಕಿತ್ತು ಮಾರಿಕೊಂಡಿದ್ದಾರೆ ಎಂದು ಅದು ಲೆಕ್ಕ ಹಾಕಿತು. ಗಲ್ಲಿಗೆ ಕೆಂಪು ಬಣ್ಣದ ಜೊತೆಗೆ ವಿಚಾರಣೆಯೂ ಅಂಟಿಕೊಂಡಿತು, ಅದು ಮುಗಿಯುವ ತನಕ ಯೋಜನೆ ಇಲ್ಲ. ಆ ದಿನ ಆಫೀಸಿನಲ್ಲಿ ನನ್ನ ತಲೆ ಕೆಟ್ಟು ಕೆರ ಹಿಡಿದು ಹೋಯಿತು. ಇಲ್ಲದ ವಸ್ತು ಇದೆ ಎಂದದ್ದೂ ನಾವೇ, ಈಗ ಅದನ್ನು ಕದ್ದಿರಿ ಎನ್ನುತ್ತಿರುವುದೂ ನಾವೇ.

ಇನ್‌ಸ್ಪೆಕ್ಟರ್ ಗಲ್ಲಿಗೆ ಹೋದರು. ಶಾಂತವ್ವ ಮಂಚದಡಿಯಿಂದ ತಾಡಪತ್ರಿ ಎಳೆದು ಬಿಡಿಸಿ ತೋರಿಸಿದರು. ಪಾಪ, ಅವರಿಗೂ ವಿಷಯ ತಕ್ಷಣ ತಿಳಿಯಿತು. ಆದರೆ ದಾಖಲೆಯಲ್ಲಿ ಪ್ಯಾನಲ್ ಇದೆ, ಅದನ್ನು ಅಳಿಸುವ ಅಧಿಕಾರ ತಮಗಿಲ್ಲ, ನಿಮ್ಮ ಮೇಡಂ ಆಫೀಸಿನಿಂದಲೇ ಅಳಿಸಬೇಕು, ಅಲ್ಲಿಯವರೆಗೆ ಕಟ್ಟಿಗೆ ಒಲೆ ಆರಿಸಿ ಎಂದು ಹೇಳಿ ಹೋದರು. ಆಫೀಸಿನಲ್ಲಿ ಕೇಳಿದರೆ, ಇನ್‌ಸ್ಪೆಕ್ಟರ್ ಬರೆದು ಕೊಟ್ಟರೆ ಅಳಿಸುತ್ತೇವೆ ಎಂದರು. ನಾನು ಅಲ್ಲಿಂದಿಲ್ಲಿಗೆ ಇಲ್ಲಿಂದಲ್ಲಿಗೆ ತಿರುಗಿದೆ. ಖಾನಾವಳಿ ಮುಚ್ಚಿತು. ಊಟಕ್ಕೆ ಬರುತ್ತಿದ್ದವರು ಸ್ಟೇಷನ್ನಿನ ವಡಾಪಾವ್‌ಗೆ ಹೋದರು. ಶಾಂತವ್ವ ಬೇರೆಯವರ ಮನೆಯ ಪಾತ್ರೆ ತೊಳೆಯಲು ಹೊರಟರು. ಅದೊಂದೇ ಬೇಸಿಗೆ ರೇಣುಕಾಳ ಕೆಮ್ಮು ಇಳಿಯಿತು. ಮನೆಯಲ್ಲಿ ಕೂಳಿಗೆ ತತ್ವಾರ, ಎದೆಗೆ ಆರಾಮ. ಇದನ್ನು ಯಾವ ಬಣ್ಣದಲ್ಲಿ ತೋರಿಸಲಿ ಹೇಳಿ.

ಮಳೆಗೆ ಮುಂಚೆ ಮತ್ತೆ ತಾಡಪತ್ರಿ ಏರಿತು, ಮಳೆ ನಿಂತ ಮೇಲೆ ಮತ್ತೆ ಚಿತ್ರ ತೆಗೆದರು. ಗಲ್ಲಿ ಹಸಿರಾಯಿತು. ಮಾರಿದ ಪ್ಯಾನಲ್‌ಗಳು ವಾಪಸು ಬಂದವು ಎಂದು ವಿಚಾರಣೆ ತಾನಾಗಿಯೇ ಮುಗಿಯಿತು. ಶಾಂತವ್ವ ಒಲೆ ಹಚ್ಚಿದರು. ಆ ವರ್ಷ ದೀಪಾವಳಿ ಕಳೆದರೂ ಗಲ್ಲಿಯವರು ಯಾರೂ ತಾಡಪತ್ರಿ ಇಳಿಸಲಿಲ್ಲ. ಏಪ್ರಿಲ್‌ನ ಬಿಸಿಲಲ್ಲಿ ಆ ಪ್ಲಾಸ್ಟಿಕ್‌ನಡಿ ಬೆಂದರು. ನೀಲಿ ಇದ್ದರೆ ಯಾರೂ ಬರುವುದಿಲ್ಲ, ಒಲೆ ಉರಿಯುತ್ತದೆ. ಅಷ್ಟು ಅವರಿಗೆ ತಿಳಿದಿತ್ತು. ನನ್ನ ಬೀಳ್ಕೊಡುಗೆಯ ದಿನ ಪರದೆಯ ಮೇಲೆ ಆ ನಕ್ಷೆಯನ್ನೇ ತೋರಿಸಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಕರಂದೀಕರ್ ಸಾಹೇಬರು ನನ್ನ ಮುಖ ನೋಡಲಿಲ್ಲ, ನಾನೂ ಅವರ ಮುಖ ನೋಡಲಿಲ್ಲ. ಶಾಲು ಹೊದಿಸಿಕೊಂಡು ಮನೆಗೆ ಬಂದೆ.

ನಿವೃತ್ತಿಯಾದ ಮೇಲೂ ಆಗೀಗ ರೊಟ್ಟಿ ತಿನ್ನಲು ಹೋಗುತ್ತಿದ್ದೆ. ಹೋದ ವಾರ ಶಾಂತವ್ವ ತಾವಾಗಿಯೇ ಫೋನು ಮಾಡಿ ಕರೆದರು. ಹೊಸ ಯೋಜನೆ ಬಂದಿದೆಯಂತೆ. ಈ ಸಲ ಪ್ಯಾನಲ್, ಲೈನು ಎಲ್ಲ ಖಂಡಿತ, ಭಾಂಡುಪ್‌ನ ಇನ್ನೊಂದು ಮಗ್ಗುಲಲ್ಲಿ ಹಾಕಿಯೂ ಆಗಿದೆ, ಶಾಂತವ್ವ ಹೋಗಿ ಕಣ್ಣಾರೆ ನೋಡಿ ಬಂದಿದ್ದಾರೆ. ಆದರೆ ಈಗಾಗಲೇ ಸೋಲಾರ್ ಇರುವ ಸೂರಿಗೆ ಕೊಡುವುದಿಲ್ಲ. ಇನ್‌ಸ್ಪೆಕ್ಟರ್ ಬರುವುದರೊಳಗೆ ತಾಡಪತ್ರಿ ಇಳಿಸಿದರೆ ಹೆಸರು ಸೇರಬಹುದು. ಇಲ್ಲವೇ ಹಿಂದಿನಂತೆ, ಇದ್ದದ್ದನ್ನು ಮಾರಿದ್ದೀರಿ ಎಂದು ಒಲೆ ಆರಿಸಿಬಿಡಬಹುದು.

"ತಗೀಲೋ, ಇರ್ಲಿ ಅಂತ ಬಿಡ್ಲೋ? ನೀವ ಹೇಳ್ರಿ ಅಕ್ಕಾರ."

ನಾನು ಶುರು ಮಾಡಿದೆ. ಒಂದು ರೀತಿ ನೋಡಿದರೆ ಹೀಗೆ, ಇನ್ನೊಂದು ರೀತಿ ನೋಡಿದರೆ ಹಾಗೆ ಎಂದು ಆಫೀಸಿನಲ್ಲಿ ಟಿಪ್ಪಣಿ ಬರೆಯುವ ಧಾಟಿಯಲ್ಲೇ. ಶಾಂತವ್ವ ರೊಟ್ಟಿ ಬಡಿಯುತ್ತ ಕೇಳುತ್ತಿದ್ದರು. ನಡುವೆ ರೇಣುಕಾ ಒಲೆಯ ಮುಂದಿನಿಂದ ಎದ್ದಳು. ಗೋಡೆ ಹಿಡಿದುಕೊಂಡು ಹೊರಗೆ ಹೋದಳು. ಕೆಮ್ಮು ನಿಲ್ಲಲಿಲ್ಲ, ನಿಲ್ಲಲಿಲ್ಲ. ನನ್ನ ಮಾತು ಅರ್ಧಕ್ಕೆ ನಿಂತಿತು.

"ತೆಗೆದುಬಿಡಿ," ಎಂದೆ.

"ತಗದ ಮ್ಯಾಲ ಒಲಿ ಆರಸ್ರಿ ಅಂದ್ರ?"

"ಅವರು ಬರೋ ದಿನ ನಾನೂ ಬರ್ತೀನಿ. ಇಲ್ಲೇ ಕೂತಿರ್ತೀನಿ."

ಶಾಂತವ್ವ ಹಿಟ್ಟಿನ ಕೈ ಹಾಗೇ ಹಿಡಿದು ನನ್ನನ್ನು ನೋಡಿದರು. "ಈಗ ನಿಮ್ಮ ಕಡೆ ಏನೂ ಅಧಿಕಾರ ಇಲ್ಲಲ್ರಿ. ಬಂದು ಏನಂತ ಹೇಳ್ತೀರಿ?"

"ಗೊತ್ತಿಲ್ಲ ಶಾಂತವ್ವ."

ಅವರು ನಕ್ಕುಬಿಟ್ಟರು. ಅಷ್ಟು ವರ್ಷದಲ್ಲಿ ಆಕೆ ನನ್ನೆದುರು ನಕ್ಕದ್ದನ್ನು ನಾನು ಕಂಡೇ ಇರಲಿಲ್ಲ. "ನೀವು ಗೊತ್ತಿಲ್ಲ ಅಂದದ್ದು ಇದ ಮೊದಲ ಸಲ ನೋಡ್ರಿ," ಎಂದರು. "ಬರ್ರಿ ಹಂಗಾರ. ಕೂಡೋಣು."

ತಾಡಪತ್ರಿ ನಿನ್ನೆ ಇಳಿಯಿತು. ಇಡೀ ಗಲ್ಲಿಯಲ್ಲಿ ಅವರದೊಂದೇ ಬರಿ ತಗಡಿನ ಸೂರು. ಮಿಕ್ಕವರು ಏನಾಗುತ್ತದೆ ನೋಡೋಣ ಎಂದು ಕಾಯುತ್ತಿದ್ದಾರೆ. ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ರಾತ್ರಿಯೆಲ್ಲ ಹೊರಳಾಡಿದೆ, ಈಗಲೂ ತಿಳಿಯುತ್ತಿಲ್ಲ, ಭಯವಾಗುತ್ತಿದೆ. ನಾಳೆ ಬೆಳಿಗ್ಗೆ ಇನ್‌ಸ್ಪೆಕ್ಟರ್ ಬರುತ್ತಾರೆ. ಅವರಿಗಿಂತ ಮುಂಚೆ ಹೋಗಿ ನಾನು ಆ ಒಲೆಯ ಮುಂದೆ, ರೇಣುಕಾ ಕೂರುವ ಮಣೆಯ ಮೇಲೆ ಕೂತಿರುತ್ತೇನೆ. ಒಲೆ ಆರಿಸಬೇಕಾದರೆ ಮೊದಲು ನನ್ನನ್ನು ಎಬ್ಬಿಸಲಿ.